ಎಮ್ಮೆಯನ್ನು ತಳ್ಳಿದ ಬೆರಳು

ಜೂನ್ 3

ತಮ್ಮಾ,

ಈ ಕಥೆಯನ್ನು ಮೊದಲು ಹೇಳಿದವರು ನಿನ್ನ ಭಾವ. ಹೇಳಿದ್ದು ಮೊನ್ನೆ ಭಾನುವಾರ ಸಂಜೆ, ನಮ್ಮ ಮಹಡಿಯ ಮೇಲಿನ ಆಟಿಕೆ ರೈಲಿನ ಕೋಣೆಯಲ್ಲಿ. ಕೇಳಿದವರು ಮೂವರು: ಬೇಕರಿಯವರು, ಡ್ರಾಯಿಂಗ್ ಮೇಷ್ಟ್ರು, ಇನ್ನೊಬ್ಬ ಇನ್ಶೂರೆನ್ಸ್ ಆಸಾಮಿ. ಅವನ ಕೈಯಲ್ಲಿ ಸದಾ ಗುಂಡಿಗಳಿರುವ ಒಂದು ಡಬ್ಬಿ ಇರುತ್ತದೆ, ಅದಕ್ಕೇ ನಾನು ರಿಮೋಟ್ ಅಂತ ಹೆಸರಿಟ್ಟಿದ್ದೇನೆ. ನಾನೂ ಕೇಳಿದೆ. ಆದರೆ ಮೆಟ್ಟಿಲ ಮೇಲೆ ಚಹಾದ ತಟ್ಟೆ ಹಿಡಿದು ನಿಂತವಳನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಒಂದು ಕಾಲದಲ್ಲಿ ನಮ್ಮ ರೈಲು ಓಡಿಸೋಕೆ ಒಬ್ಬ ಸಾಲ್ತಿರಲಿಲ್ಲ ಕಣ್ರೀ. ನಾವು ಗಾಡಿ ಓಡಿಸ್ತಿದ್ರೆ ಇನ್ನೊಬ್ಬರು ಬೋರ್ಡ್ ಮುಂದೆ ಕೂತು ಹಳಿಯ ಒಂದೊಂದು ತುಂಡಿಗೂ ಕರೆಂಟು ಕೊಡಬೇಕು, ತೆಗೀಬೇಕು. ನಮ್ಮನೆಯವಳು ಕೂರ್ತಿದ್ದಳು. ಒಂದಿನ ಕಿಟಕಿ ಕಡೆ ನೋಡ್ತಾ ಯಾವುದೋ ಸ್ವಿಚ್ ಹಾಕಿಬಿಟ್ಟಳು. ನಮ್ಮ ಎಮ್ಮೆ, ಈ ಕಪ್ಪು ಎಂಜಿನ್ನು, ಹೋಗಿ ಎದುರು ಗಾಡಿಗೆ ಗುದ್ದಿ ನೆಲಕ್ಕೆ ಬಿತ್ತು. ನೋಡಿ, ಹೊಗೆಕೊಳವೆ ಇವತ್ತಿಗೂ ಮುರುಕಲು. ಮನೆ ರೈಲಲ್ಲೇ ಹೀಗೆ, ಆಸ್ಪತ್ರೇಲಿ ಯಾರ ಹೊಟ್ಟೇಲಿ ಏನೇನು ಬಿಟ್ಟು ಹೊಲಿಸಿದಾಳೋ! ಇನ್ನು ಆ ತಾಪತ್ರಯ ಇಲ್ಲ. ಎಲ್ಲಾ ಡಿಜಿಟಲ್. ಸ್ವಿಚ್ಚೂ ಬೇಡ, ಸ್ವಿಚ್ಚಮ್ಮನೂ ಬೇಡ."

ಬೇಕರಿಯವರು ಬಾಯಿತುಂಬ ರಸ್ಕು ಇಟ್ಟುಕೊಂಡು ನಕ್ಕರು. ನೆನೆದ ರಸ್ಕಿನ ಚೂರು ಹಾರಿ ಸ್ಟೇಷನ್ನಿನ ಛಾವಣಿಗೆ ಅಂಟಿತು. ಅದನ್ನು ಒರೆಸುವ ಬುದ್ಧಿ ಯಾರಿಗೂ ಬರಲಿಲ್ಲ.

ನನ್ನ ಸ್ವಿಚ್ ಬೋರ್ಡಿನ ಮೇಲೆ ಈಗ ಹೂವಿನ ಚಿತ್ರದ ರೆಕ್ಸಿನ್ ಹಾಸಿದ್ದಾರೆ. ಅದರ ಮೇಲೆ ಚಹಾದ ತಟ್ಟೆ ಇಡಬೇಕಂತೆ. "ಇವಳೇ, ಅಲ್ಲೇ ಇಡು, ಈಗ ಅದು ಖಾಲಿ ತಾನೇ" ಅಂದರು. ಇಟ್ಟು ಬಂದೆ.

ಎಮ್ಮೆ ಬಿದ್ದ ದಿನ ನೀನಿದ್ದೆ. ಎದುರಿನ ಗಾಡಿ ಓಡಿಸುತ್ತಿದ್ದವನೇ ನೀನು. ಎಮ್ಮೆ ನಿಂತಿದ್ದ ತುಂಡಿಗೆ ನಾನು ಕರೆಂಟು ತೆಗೆದಿದ್ದೆ, ನಿನ್ನ ಗಾಡಿ ಸುರಂಗ ದಾಟಿ ಬರಲಿ ಅಂತ. ನನ್ನ ಕೋಣೆಯ ನಿಯಮ ನಿನಗೆ ಗೊತ್ತಲ್ಲ, ಆಪರೇಷನ್ ಥಿಯೇಟರಿನಿಂದ ತಂದ ನಿಯಮ. ಕೆಲಸವಿಲ್ಲದ ಕೈ ಬೆನ್ನ ಹಿಂದಿರಬೇಕು. ನಾನು "ಕೊಟ್ಟೆ" ಅನ್ನಬೇಕು, ತೆಗೆದುಕೊಳ್ಳುವವರು "ತಗೊಂಡೆ" ಅನ್ನಬೇಕು, ಆಮೇಲೆ ಮುಟ್ಟಬೇಕು. ಕತ್ತರಿಗೂ ಅದೇ, ರೈಲಿಗೂ ಅದೇ. ನಿನ್ನ ಭಾವನಿಗೆ ತಡೆಯಲಿಲ್ಲ. ಕಿರುಬೆರಳಿನಿಂದ ಎಮ್ಮೆಯ ಹಿಂಭಾಗ ತಳ್ಳಿ, ನಿನ್ನ ಗಾಡಿ ಬರುತ್ತಿದ್ದ ಹಳಿಗೆ ದಾಟಿಸಿದರು. ಬಿದ್ದಿದ್ದು ಅದಕ್ಕೆ.

ನೀನು ನೋಡಿದ್ದೀಯ. ಒಂದು ಸಾಲು ಅವರಿಗೆ ಬರೆ. ಬೇರೇನೂ ಬೇಡ.

ಅಕ್ಕ


ಜೂನ್ 22, ಹಡಗಿನಿಂದ

ಪ್ರೀತಿಯ ಅಕ್ಕ,

ಬಂದರಿನಲ್ಲಿ ನಿನ್ನ ಕಾಗದ ಸಿಕ್ಕಿತು. ಜನರೇಟರ್ ರಿಪೇರಿ ಮುಗಿಸಿ, ಕೈ ತೊಳೆದುಕೊಂಡು ಬರೆಯುತ್ತಿದ್ದೇನೆ. ನೀನು ಹೊಸ ಪದ್ಧತಿಗೆ ಇಷ್ಟೊಂದು ಹೆದರಬೇಕಾಗಿಲ್ಲ. ಎಲೆಕ್ಟ್ರಿಷಿಯನ್ ತಮ್ಮ ಇದ್ದು ನಿನಗೆ ಅಷ್ಟು ಬಿಡಿಸಿ ಹೇಳದಿದ್ದರೆ ಹೇಗೆ?

ಹಳೆಯದರಲ್ಲಿ ಹಳಿಗೆ ಕರೆಂಟು ಬಂದರೆ ಅದರ ಮೇಲಿರುವ ಎಂಜಿನ್ನೆಲ್ಲ ಓಡುತ್ತಿದ್ದವು. ಅದಕ್ಕೇ ಹಳಿಯನ್ನು ತುಂಡು ಮಾಡಿ ತುಂಡಿಗೊಂದು ಸ್ವಿಚ್ ಇಟ್ಟಿದ್ದು. ಹೊಸದರಲ್ಲಿ ಹಳಿಯಲ್ಲಿ ಯಾವಾಗಲೂ ಪೂರ್ತಿ ಕರೆಂಟು ಇರುತ್ತದೆ. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲಿ ಒಂದು ಎಲೆಕ್ಟ್ರಾನಿಕ್ ಚಿಪ್ಪು, ಚಿಪ್ಪಿಗೊಂದು ನಂಬರು. ಕೈಯಲ್ಲಿರುವ ಡಬ್ಬಿಯಲ್ಲಿ ನಂಬರು ಒತ್ತಿದರೆ ಆ ಎಂಜಿನ್ ಒಂದೇ ಓಡುತ್ತದೆ, ಮಿಕ್ಕವು ನಿಂತೇ ಇರುತ್ತವೆ. ಎರಡು ಎಚ್ಚರಿಕೆ ಸಾಕು. ನಂಬರು ಕೊಡುವಾಗ ಒಂದೊಂದೇ ಎಂಜಿನ್ನನ್ನು ಬೇರೆ ಹಳಿಚೂರಿನ ಮೇಲಿಟ್ಟು ಕೊಡಬೇಕು. ಎಲ್ಲವನ್ನೂ ಮೇಜಿನ ಮೇಲೇ ಬಿಟ್ಟು ಕೊಡಲು ಹೋದರೆ, ಅಷ್ಟೂ ಎಂಜಿನ್ ಅದೇ ನಂಬರು ಹಿಡಿದುಬಿಡುವ ಸಂಭವ ಇದೆ. ಇನ್ನೊಂದು, ಹೊಸದರಲ್ಲಿ "ಮುಂದೆ" ಅಂದರೆ ಪ್ರತಿ ಎಂಜಿನ್ ತನ್ನ ಮೂತಿ ಇರುವ ಕಡೆ ಹೋಗುತ್ತದೆ. ಹಳೆಯದರ ಹಾಗೆ ಎಲ್ಲಾ ಒಂದೇ ದಿಕ್ಕಿಗೆ ಹೋಗುವುದಿಲ್ಲ.

ಚೆನ್ನಾಗಿರುತ್ತದೆ ಅಕ್ಕ. ನಿನಗೂ ವಿಶ್ರಾಂತಿ. ಭಾವ ತಮಾಷೆಗೆ ಏನೋ ಅಂದಿರುತ್ತಾರೆ. ಹಳೇ ಮಾತು, ಬಿಡು.

ಇಲ್ಲಿ ಸಮುದ್ರ ಶಾಂತವಾಗಿದೆ.

ನಿನ್ನ ತಮ್ಮ


ಜುಲೈ 9

ತಮ್ಮಾ,

ಸಮುದ್ರ ಶಾಂತವಾಗಿದ್ದರೆ ಸಂತೋಷ. ನಾನು ಕೇಳಿದ್ದು ಸಮುದ್ರವನ್ನಲ್ಲ, ಚಿಪ್ಪನ್ನೂ ಅಲ್ಲ. ನಿನ್ನನ್ನು ಬೆರಳಿನ ವಿಷಯ ಕೇಳಿದರೆ ಎರಡು ಪುಟ ವಿದ್ಯುತ್ ಪಾಠ ಮಾಡಿದ್ದೀಯ. ನನಗೆ ಯಂತ್ರದ ಮೇಲೆ ಸಿಟ್ಟಿಲ್ಲ ಕಣೋ. ಥಿಯೇಟರಿನಲ್ಲಿ ಪ್ರತಿವರ್ಷ ಹೊಸ ಯಂತ್ರ ಬರುತ್ತದೆ, ಕಲಿಯುತ್ತೇನೆ. ಸಿಟ್ಟಿರುವುದು ಆ ನಗುವಿನ ಮೇಲೆ.

ಆ ನಗು ಈಗ ಎಲ್ಲಿಯವರೆಗೆ ಬಂದಿದೆ ಗೊತ್ತೇನು? ಆಸ್ಪತ್ರೆಯ ಕ್ಯಾಂಟೀನಿಗೆ ಬ್ರೆಡ್ಡು ಹಾಕುವವರು ಇದೇ ಬೇಕರಿಯವರು. ಬ್ರೆಡ್ಡಿನ ಜೊತೆ ಕಥೆಯನ್ನೂ ಹಾಕಿದ್ದಾರೆ. ಮೊನ್ನೆ ಒಂದು ಹೊಟ್ಟೆ ಆಪರೇಷನ್ ಮುಗಿದು, ನಾನು ಬಟ್ಟೆ, ಕತ್ತರಿ, ಸೂಜಿ ಎಲ್ಲ ಎಣಿಸಿ "ಸರಿಯಿದೆ" ಅಂದೆ. ಹೊಸ ಡಾಕ್ಟರು, ನಮ್ಮ ಅರ್ಧ ವಯಸ್ಸಿನವನು, ಮಾಸ್ಕಿನೊಳಗೇ ನಕ್ಕ. "ಇನ್ನೊಂದ್ಸಲ ಎಣಿಸಿಬಿಡಿ ಸಿಸ್ಟರ್. ಕಿಟಕಿ ಕಡೆ ನೋಡಿಲ್ಲ ತಾನೇ?" ಅಂದ.

ಥಿಯೇಟರಿಗೆ ಕಿಟಕಿಯೇ ಇಲ್ಲ. ಇನ್ನೊಂದು ಸಲ ಎಣಿಸಿದೆ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಈ ಕೆಲಸಕ್ಕೆ ಸೇರಿದಾಗಿನಿಂದ ಒಂದು ಹತ್ತಿಯ ಎಳೆ ಹೆಚ್ಚುಕಡಿಮೆ ಮಾಡಿದವಳಲ್ಲ ನಾನು. ಎಣಿಸುವವಳ ಮಾತನ್ನು ಒಂದು ಸಲ ಅನುಮಾನದಿಂದ ಕೇಳಿದರೆ ಮುಗಿಯಿತು, ಅವಳನ್ನು ಮೇಜಿನ ಹತ್ತಿರ ನಿಲ್ಲಿಸುವುದಿಲ್ಲ. ಹಾಸಿಗೆ ಬಟ್ಟೆ ಮಡಚುವ ಕಡೆಗೆ ಕಳಿಸುತ್ತಾರೆ. ಬೇಕರಿಯವರ ಹೆಂಡತಿಯ ಗಾಲ್‌ಬ್ಲ್ಯಾಡರ್ ಆಪರೇಷನ್ನಿಗೆ ನಾನೇ ಇದ್ದೆ. ಈಗ ಅವಳು ನನ್ನನ್ನು ಕಂಡರೆ ಹೊಟ್ಟೆ ಮುಟ್ಟಿಕೊಳ್ಳುತ್ತಾಳೆ.

ಮನೆಯಲ್ಲಿ ನೋಡಿದರೆ ನಾತ. ಇವರು ಎಂಜಿನ್ನುಗಳ ಹೊಟ್ಟೆ ಬಗೆಯುತ್ತಿದ್ದಾರೆ. ಕನ್ನಡಕದ ಅಂಗಡಿ ಮುಚ್ಚಿ ಬಂದವರು ನೇರ ಮೇಲೆ. ಎಮ್ಮೆಯ ಮೋಟರು ಅದರ ಕಬ್ಬಿಣದ ಮೈಗೆ ತಾಗಿಕೊಂಡೇ ಇತ್ತಂತೆ, ಅದನ್ನು ಬೇರ್ಪಡಿಸದೆ ಚಿಪ್ಪು ಕೂರಿಸಿ ಹಳಿಯ ಮೇಲಿಟ್ಟರು. ಟಪ್ ಅಂತ ಚಿಪ್ಪು ಸುಟ್ಟಿತು, ಇನ್ನೊಂದು ತರಿಸುತ್ತಾರಂತೆ. ಉಗುರು ಸುಟ್ಟ ವಾಸನೆ, ಪರದೆಗೆಲ್ಲ ಹತ್ತಿದೆ. ಬೆಸುಗೆ ಹಾಕಲು ಹಿಡಿದುಕೊಂಡದ್ದು ಯಾವುದನ್ನ ಗೊತ್ತೇ? ಆಸ್ಪತ್ರೆಯಲ್ಲಿ ನಾನು ಬಹುಮಾನವಾಗಿ ಪಡೆದ ಫೋರ್ಸೆಪ್ಸನ್ನ, ಆ ಸಣ್ಣ ಇಕ್ಕಳವನ್ನ. ಅದರ ಹಲ್ಲಿನ ತುಂಬ ಸೀಸ.

"ಏನ್ರೀ ಇದು?" ಅಂದೆ.

"ಸುಮ್ನೆ ಬಿದ್ದಿತ್ತಲ್ಲ" ಅಂದರು.

ಆಗಸ್ಟ್ ಕೊನೆಯ ಭಾನುವಾರ ಊರವರನ್ನು ಕರೆದು ಪ್ರದರ್ಶನ ಇಡುತ್ತಾರಂತೆ. ಆಗ ಎಲ್ಲರೆದುರು ಆ ಕಥೆ ಮತ್ತೆ ಬರುತ್ತದೆ. ಅದಕ್ಕೆ ಮುಂಚೆ ಬರೆ.

ಅಕ್ಕ


ಜುಲೈ 25, ಹಡಗಿನಿಂದ

ಅಕ್ಕ,

ನಿನಗೊಂದು ವಿಷಯ ಹೇಳಿರಲಿಲ್ಲ. ಭಾವ ನನಗೂ ಬರೆಯುತ್ತಿದ್ದಾರೆ. ಯಾವ ತಂತಿ, ಯಾವ ಚಿಪ್ಪು, ಎಲ್ಲಾ ನನ್ನನ್ನೇ ಕೇಳುತ್ತಾರೆ. ನಿನ್ನ ಬೋರ್ಡನ್ನು ಕಿತ್ತು ಗುಜರಿಗೆ ಹಾಕೋಣವಾ ಅಂತಲೂ ಕೇಳಿದ್ದರು. ಬೇಡ ಅಂದೆ. ಎಲ್ಲಾ ಸ್ವಿಚ್ಚುಗಳನ್ನೂ ಹಾಕಿಟ್ಟು ಹಾಗೇ ಬಿಟ್ಟುಬಿಡಿ, ಕರೆಂಟು ಅದರ ಮೂಲಕವೇ ಹರಿದು ಹೋಗುತ್ತದೆ, ಹೊಸ ತಂತಿಯ ಕೆಲಸ ಉಳಿಯುತ್ತದೆ ಅಂದೆ. ಅಷ್ಟಾದರೂ ನಿನ್ನ ಪರವಾಗಿ ಮಾಡಿದ್ದೇನೆ.

ಬೆರಳಿನ ವಿಷಯ ಬರೆಯಲು ಎರಡು ಸಲ ಕೂತೆ. ಹೇಗೆ ಬರೆಯುವುದು ಹೇಳು? ಅವರು ನನ್ನ ಭಾವ. ಹುಡುಗನಾಗಿದ್ದಾಗ ನನಗೆ ಆ ಎಂಜಿನ್ ಮುಟ್ಟಲು ಬಿಟ್ಟವರು ಅವರೊಬ್ಬರೇ. ಅವರ ಕಾಗದಗಳಲ್ಲಿ ಎಷ್ಟು ಉತ್ಸಾಹ ಇರುತ್ತದೆ ಗೊತ್ತಾ? "ನಿಮ್ಮಕ್ಕನೂ ಭಾರಿ ಖುಷಿಯಾಗಿದ್ದಾಳೆ, ಪ್ರತಿ ಭಾನುವಾರ ಎಲ್ಲರಿಗೂ ಚಹಾ ತಂದುಕೊಡ್ತಾಳೆ" ಅಂತ ಬರೆದಿದ್ದಾರೆ. ಆ ಡಾಕ್ಟರು ಚಿಕ್ಕವನು, ಮರೆಯುತ್ತಾನೆ. ನೀನು ದೊಡ್ಡವಳು, ನೀನೇ ನಕ್ಕು ತಳ್ಳಿಹಾಕಿಬಿಡು.

ನಿನ್ನ ತಮ್ಮ


ಆಗಸ್ಟ್ 6

ತಮ್ಮಾ,

ಕಾಗದ ಬಂತು. ಕಾರ್ಡಿನಲ್ಲೇ ಉತ್ತರಿಸುತ್ತಿದ್ದೇನೆ, ಇದಕ್ಕಿಂತ ದೊಡ್ಡ ಕಾಗದ ನಿನಗೆ ದಂಡ.

ಭಾರಿ ಖುಷಿಯಾಗಿದ್ದೇನಂತೆ. ಬೋರ್ಡು ಚಹಾದ ಮೇಜಾಗಿ ಉಳಿದಿದ್ದು ನಿನ್ನ ಕೃಪೆಯಿಂದ ಅಂತ ಈಗ ತಿಳಿಯಿತು. ಉಪಕಾರವಾಯಿತು. ಕಳೆದ ವಾರದಿಂದ ಥಿಯೇಟರಿನಲ್ಲಿ ನಾನು ಎಣಿಸಿದ ಮೇಲೆ ಇನ್ನೊಬ್ಬಳು ಎಣಿಸುತ್ತಾಳೆ. ಹೊಸ ಪದ್ಧತಿಯಂತೆ, ನನ್ನೊಬ್ಬಳಿಗೇ. ಅದನ್ನೂ ನಕ್ಕು ತಳ್ಳಿಹಾಕುತ್ತೇನೆ, ನೀನು ಚಿಂತೆ ಮಾಡಬೇಡ.

ಇನ್ನು ಬರೆಯಬೇಡ.

ಅಕ್ಕ


ಆಗಸ್ಟ್ 19, ಹಡಗಿನಿಂದ

ಅಕ್ಕ,

ಬರೆಯಬೇಡ ಅಂದಿದ್ದೀಯ. ಇದೊಂದನ್ನು ಓದು.

ನಿನ್ನ ಕಾರ್ಡನ್ನು ಎಂಜಿನ್ ರೂಮಿನಲ್ಲಿ ನಿಂತು ಓದಿದೆ. ಮೇಲಿಂದ ಕೆಳಗೆ ಬರುವ ಹೊಸಬರಿಗೆಲ್ಲ ನಾನು ಮೊದಲು ಹೇಳುವ ಮಾತು, "ಕೈ ಬೆನ್ನ ಹಿಂದೆ ಇಟ್ಕೊಳ್ಳಿ." ಇಷ್ಟು ವರ್ಷ ಹೇಳುತ್ತಿದ್ದೇನೆ, ಅದು ಯಾರ ಮಾತು ಅಂತ ಯೋಚಿಸಿಯೇ ಇರಲಿಲ್ಲ. ಓದಿ ಮುಗಿಸಿದ ಮೇಲೆ ನನ್ನ ಮುಖ ನನಗೇ ಬೇಡ ಅನ್ನಿಸಿತು.

ಇವತ್ತು ಭಾವನಿಗೆ ಬರೆದಿದ್ದೇನೆ. ಒಂದೇ ಸಾಲು. "ಭಾವ, ಆ ದಿನ ಎಮ್ಮೆಯನ್ನು ತಳ್ಳಿದ್ದು ನಿಮ್ಮ ಕಿರುಬೆರಳು, ನಾನು ನೋಡಿದ್ದೇನೆ." ಎರಡೂ ಒಂದೇ ಟಪಾಲಿನಲ್ಲಿ ಹೋಗುತ್ತವೆ. ಭಾನುವಾರದೊಳಗೆ ತಲುಪುತ್ತವೋ ಇಲ್ಲವೋ. ತಲುಪದಿದ್ದರೆ ಅದು ನಾನು ತಡಮಾಡಿದ್ದಕ್ಕೆ.

ನಿನ್ನ ತಮ್ಮ


ಸೆಪ್ಟೆಂಬರ್ 3

ತಮ್ಮಾ,

ತಲುಪಲಿಲ್ಲ. ಎರಡೂ ಇವತ್ತು ಬಂದವು. ನಿನ್ನ ಭಾವ ತಮ್ಮದನ್ನು ಬಾಗಿಲಲ್ಲೇ ಒಡೆದು ಓದಿ, ಮಡಚಿ, ಜೇಬಿಗಿಟ್ಟುಕೊಂಡು ಅಂಗಡಿಗೆ ಹೋದರು. ನಿನ್ನ ಸಾಕ್ಷಿ ಇನ್ನು ಬೇಕಾಗಿಯೂ ಇರಲಿಲ್ಲ. ಕೇಳು.

ಭಾನುವಾರ ಊರವರನ್ನು ಕರೆಯುತ್ತೇನೆ ಅಂದವರಿಗೆ ಸಿಕ್ಕಿದ್ದು ಅದೇ ಮೂವರು. ಬೇಕರಿಯವರು ಮಾತ್ರ ಹೆಂಡತಿಯನ್ನೂ ಕರೆತಂದಿದ್ದರು. ಅವರು ಕೆಳಗೆ ಚಪ್ಪಲಿ ಬಿಡುತ್ತಿದ್ದಾಗ ನಾನು ರಸ್ಕಿನ ತಟ್ಟೆ ಇಡಲು ಮೇಲೆ ಹೋದೆ. ಎಲ್ಲಾ ಎಂಜಿನ್ನುಗಳು ಮೇಜಿನ ಮೇಲೆ ಹಳಿಯಲ್ಲೇ ನಿಂತಿದ್ದವು. ಇವರು ಡಬ್ಬಿಯಲ್ಲಿ ಏನೋ ಒತ್ತುತ್ತಿದ್ದರು.

"ಎಮ್ಮೆಗೆ ಏಳನೇ ನಂಬರು ಇತ್ತು. ಅದು ನಮ್ಮ ಮೊದಲನೇ ಎಂಜಿನ್ನು, ಒಂದು ಅಂತ ಮಾಡಿಬಿಟ್ಟೆ. ಆಯ್ತು!" ಅಂದರು.

ನಿನ್ನ ವಿದ್ಯುತ್ ಪಾಠ ನನಗೆ ಬಾಯಿಪಾಠವಾಗಿತ್ತು ತಮ್ಮಾ. ಬೇರೆ ಹಳಿಚೂರಿನ ಮೇಲಿಟ್ಟು ಕೊಡಬೇಕು ಅಂದಿದ್ದೆ. ಮಾಡಿದ್ದನ್ನು ಕಂಡೆ. ಏನಾಗಿರಬಹುದು ಅಂತ ಗೊತ್ತಾಯಿತು. ರಸ್ಕಿನ ತಟ್ಟೆ ಇಟ್ಟು ಸುಮ್ಮನೆ ಗೋಡೆಗೆ ಒರಗಿ ನಿಂತೆ. ಅದನ್ನು ನೆನೆದರೆ ನನ್ನ ಮೇಲೂ ಸ್ವಲ್ಪ ಅಸಹ್ಯವಾಗುತ್ತದೆ. ಸ್ವಲ್ಪವೇ.

ಎಲ್ಲರೂ ಬಂದರು. ಇವರು ಮೊದಲು ಕಥೆ ಹೇಳಿದರು. ಕಿಟಕಿ, ಸ್ವಿಚ್ಚು, ಹೊಟ್ಟೆಯಲ್ಲಿ ಬಿಟ್ಟ ಕತ್ತರಿ, ಏನೂ ಬಿಡಲಿಲ್ಲ. ಬೇಕರಿಯವರ ಹೆಂಡತಿಯ ಕೈ ಹೊಟ್ಟೆಗೆ ಹೋಯಿತು. "ಈಗ ನೋಡಿ, ಒಬ್ಬನೇ ಮನುಷ್ಯ, ಒಂದೇ ಕೈ" ಅಂತ ಹೇಳಿ ಡಬ್ಬಿಯ ಚಕ್ರ ತಿರುಗಿಸಿದರು.

ಮೇಜಿನ ಮೇಲಿದ್ದ ಅಷ್ಟೂ ಎಂಜಿನ್ನುಗಳು ಒಟ್ಟಿಗೇ ಹೊರಟವು, ಎಲ್ಲಕ್ಕೂ ಈಗ ಅದೇ ಒಂದನೇ ನಂಬರು.

ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ, ಅವುಗಳ ಮೂತಿ ಇದ್ದ ಕಡೆ. ಶೆಡ್ಡಿನಲ್ಲಿದ್ದ ಎರಡು ಬಾಗಿಲು ಮುರಿದುಕೊಂಡು ಬಂದವು. ಸೇತುವೆಯ ಮೇಲೆ ಎರಡು ಮೂತಿಗೆ ಮೂತಿ ಕೊಟ್ಟು ಗಾಲಿ ಕೆರೆಯುತ್ತ ನಿಂತವು. ಇವರು ಚಕ್ರವನ್ನು ಹಿಂದಕ್ಕೆ ತಿರುಗಿಸುವ ಬದಲು ಮುಂದಕ್ಕೆ ತಿರುಗಿಸಿದರು.

"ಸಾರ್, ಕೆಂಪು ಗುಂಡಿ ಒತ್ತಿ, ಕೆಂಪು!" ಅಂತ ರಿಮೋಟ್ ಕಿರುಚಿದ.

"ಯಾವುದ್ರೀ ಕೆಂಪು? ಎಲ್ಲಾ ಹೊಳೀತಿದೆ!"

ಊರಿಗೆಲ್ಲ ಕನ್ನಡಕ ಕೊಡುವವರ ಕನ್ನಡಕ ತಲೆಯ ಮೇಲಿತ್ತು.

ನಾನು ರೆಕ್ಸಿನ್ನಿನ ತುದಿ ಹಿಡಿದು ಎಳೆದೆ. ತಟ್ಟೆ, ಲೋಟ, ರಸ್ಕು, ಚಹಾ, ಎಲ್ಲಾ ರಿಮೋಟನ ಪ್ಯಾಂಟಿನ ಮೇಲೆ ಹೋಯಿತು. ಕೆಳಗೆ ನನ್ನ ಬೋರ್ಡು. ಥೂ, ಅದರ ಅವಸ್ಥೆ ಹೇಳಬಾರದು. ರೆಕ್ಸಿನ್ನಿನ ಹೊಲಿಗೆಯಿಂದ ಇಳಿದ ಚಹಾ ಸಕ್ಕರೆಗಟ್ಟಿ ಸ್ವಿಚ್ಚುಗಳ ಬುಡಕ್ಕೆ ಅಂಟಿಕೊಂಡಿತ್ತು, ಅದರಲ್ಲಿ ಸತ್ತ ಇರುವೆಗಳು. ಬೆರಳು ಇಟ್ಟರೆ ಜಿಗುಟು. ಆದರೂ ಬೆರಳಿಗೆ ಜಾಗ ಮರೆತಿರಲಿಲ್ಲ. ಸೇತುವೆ, ಶೆಡ್ಡು, ಸ್ಟೇಷನ್ನು, ತಿರುವು, ಒಂದೊಂದಾಗಿ ತೆಗೆದೆ. ಒಂದೊಂದಾಗಿ ಎಂಜಿನ್ನುಗಳು ನಿಂತವು. ಕೊನೆಗೆ ಎಮ್ಮೆಯೂ ಸುರಂಗದ ಮುಂದೆ ನಿಂತಿತು. ಸುರಂಗದೊಳಗೆ ಪ್ಯಾಸೆಂಜರ್ ಗಾಡಿ ಸಿಕ್ಕಿಕೊಂಡರೆ ಕೈಹಾಕಿ ತೆಗೆಯಲಾಗುವುದಿಲ್ಲ, ಅದು ಹೊರಗೆ ಬರಲಿ ಅಂತ ಆ ಒಂದು ತುಂಡಿಗೆ ಮಾತ್ರ ಕರೆಂಟು ಬಿಟ್ಟಿದ್ದೆ.

ಸುರಂಗದೊಳಗೆ ಗಾಡಿಯ ಸದ್ದು ಮಾತ್ರ. ಇನ್ನೊಂದು ಉಸಿರು ಕಾದಿದ್ದರೆ ಮುಗಿಯುತ್ತಿತ್ತು.

ನಿನ್ನ ಭಾವನಿಗೆ ತಡೆಯಲಿಲ್ಲ. ಎಲ್ಲರೆದುರು ತಮ್ಮ ಎಮ್ಮೆ ಸುಮ್ಮನೆ ನಿಂತಿದೆ ಅನ್ನುವುದೇ ಅವರಿಗೆ ಕಾಣುತ್ತಿದ್ದದ್ದು. ಬಗ್ಗಿದರು. ಕಿರುಬೆರಳು ಚಾಚಿದರು. ಹಿಂದಿನಿಂದ ಮೆಲ್ಲಗೆ ತಳ್ಳಿದರು, ಆ ದಿನ ತಳ್ಳಿದ ಹಾಗೇ.

ಎಮ್ಮೆ ದಾಟಿತು, ಕರೆಂಟು ಸಿಕ್ಕಿತು, ಓಡಿತು. ಸುರಂಗದ ಬಾಯಲ್ಲೇ ಪ್ಯಾಸೆಂಜರಿಗೆ ಗುದ್ದಿ, ಎರಡೂ ಮೇಜಿನಂಚಿನಿಂದ ಉರುಳಿ ಚೆಲ್ಲಿದ ಚಹಾದಲ್ಲಿ ಬಿದ್ದವು. ಹೊಗೆಕೊಳವೆಯ ಉಳಿದ ಅರ್ಧವೂ ಹೋಯಿತು.

ನಿನ್ನ ಭಾವನ ಬೆರಳು ಇನ್ನೂ ಗಾಳಿಯಲ್ಲಿತ್ತು.

ಮೊದಲು ಮಾತಾಡಿದವರು ಡ್ರಾಯಿಂಗ್ ಮೇಷ್ಟ್ರು. "ಸಾರ್, ನಿಂತಿದ್ದನ್ನ ಯಾಕೆ ತಳ್ಳಿದ್ರಿ?"

ಬೇಕರಿಯವರ ಹೆಂಡತಿ ನನ್ನ ಕಡೆ ತಿರುಗಿದಳು. "ಸಿಸ್ಟರ್, ಹಿಂದೆ ಬಿದ್ದಾಗಲೂ ಹೀಗೇನಾ?"

ಆಗ ಹೇಳಿದೆ. ನಿಂತುಕೊಂಡೇ, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಇವರ ಮಾತಿನಿಂದಲೇ ಶುರುಮಾಡಿದೆ. "ಒಂದು ಕಾಲದಲ್ಲಿ ನಮ್ಮ ರೈಲು ಓಡಿಸೋಕೆ ಒಬ್ಬ ಸಾಲ್ತಿರಲಿಲ್ಲ." ನಾನು ಹೇಗೆ ತೆಗೆದಿದ್ದೆ, ಎಮ್ಮೆ ಎಲ್ಲಿ ನಿಂತಿತ್ತು, ಬೆರಳು ಎಲ್ಲಿಂದ ಬಂತು, ಎಲ್ಲಾ. ಥಿಯೇಟರಿನಲ್ಲಿ ಹೇಗೆ ಎಣಿಸುತ್ತೇವೆ ಅಂತ ಹೇಳಿದೆ. ಆ ಹೊಸ ಡಾಕ್ಟರು ಏನಂದ, ಈಗ ನನ್ನ ಹಿಂದೆ ಯಾರು ನಿಂತು ಎಣಿಸುತ್ತಾಳೆ ಅಂತಲೂ ಹೇಳಿದೆ. ಯಾರೂ ರಸ್ಕು ತಿನ್ನಲಿಲ್ಲ. ಇವರು ಗೋಡೆಯ ಗಡಿಯಾರ ನೋಡುತ್ತ ನಿಂತಿದ್ದರು. ಒಂದು ಸಲ "ತಮಾಷೆಗೆ ಅಂದಿದ್ದು ಕಣೇ" ಅಂದರು. ಬೇಕರಿಯವರ ಹೆಂಡತಿ, "ನನ್ನ ಹೊಟ್ಟೆ ತಮಾಷೆಗೆ ಸಿಕ್ತಾ ನಿಮಗೆ?" ಅಂದಳು.

ಮಾರನೇ ಬೆಳಿಗ್ಗೆ ಮೂವರೂ ಬಂದು ಬಾಗಿಲು ಬಡಿದರು, ನನಗೆ ಅವತ್ತು ಮಧ್ಯಾಹ್ನದ ಡ್ಯೂಟಿ. ಬೇಕರಿಯವರು ಕ್ಯಾಂಟೀನಿಗೆ ಬ್ರೆಡ್ಡು ಹಾಕಿ ನೇರ ಇಲ್ಲಿಗೇ ಬಂದಿದ್ದರು. "ಕಥೆ ತಪ್ಪಾಗಿ ಹೇಳಿದ್ದೆ ಅಂತ ಅಲ್ಲಿ ಎಲ್ಲರಿಗೂ ಹೇಳಿ ಬಂದೆ ಸಿಸ್ಟರ್. ಆ ಡಾಕ್ಟರೂ ಇದ್ರು, ಅವರ ಟೇಬಲ್ ಹತ್ರಾನೇ ನಿಂತು ಹೇಳಿದೆ" ಅಂದರು. ಮುಖ ಎತ್ತಲಿಲ್ಲ. ಮೇಷ್ಟ್ರು ಸಣ್ಣ ಬ್ರಷ್ಷು ತಂದು ಬೋರ್ಡಿನ ಮೇಲೆ ಅಳಿಸಿಹೋಗಿದ್ದ ಹೆಸರುಗಳನ್ನು ಬರೆದರು. ರಿಮೋಟ್ ಬೇರೆ ಪ್ಯಾಂಟು ಹಾಕಿಕೊಂಡು ಬಂದು, ನೆಲದಲ್ಲಿ ಕೂತು, ಹಳಿಚೂರಿನ ಮೇಲೆ ಒಂದೊಂದೇ ಎಂಜಿನ್ನಿಗೆ ನಂಬರು ಕೊಟ್ಟ. ಸ್ವಿಚ್ಚುಗಳ ಬುಡವನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ್ದು ನಿನ್ನ ಭಾವ. ಇರುವೆಗಳನ್ನು ಒಂದೊಂದಾಗಿ ಹೆಕ್ಕಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ, ನೆರವಾಗಲಿಲ್ಲ.

ಮುಗಿದ ಮೇಲೆ ನಾಲ್ವರೂ ಮೇಜಿನ ಸುತ್ತ ನಿಂತು ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಹೊಗೆಕೊಳವೆ ಇಲ್ಲದ ಎಮ್ಮೆ ಹಳಿಯ ಮೇಲಿತ್ತು. ನಾನು "ಕೊಟ್ಟೆ" ಅನ್ನಲಿ ಅಂತ ಕಾಯುತ್ತಿದ್ದರು.

ನನಗೆ ಡ್ಯೂಟಿಗೆ ಹೊತ್ತಾಗಿತ್ತು. ಅದನ್ನು ಅನ್ನದೆಯೇ ಚೀಲ ತೆಗೆದುಕೊಂಡು ಮೆಟ್ಟಿಲಿಳಿದೆ. ಬೀದಿಯ ತಿರುವಿನವರೆಗೂ ಕಿವಿ ಹಿಂದಕ್ಕೇ ಇತ್ತು. ಮೇಲಿಂದ ಒಂದು ಗಾಲಿ ಉರುಳಿದ ಸದ್ದೂ ಬರಲಿಲ್ಲ.

ಅಕ್ಕ